ತಿಪ್ಪಮ್ಮನ ಹೊಲದ ಕಡಲೆ

ಮೊನ್ನೆ ನನ್ನ ಸೊಸೆ ಪೇಟೆಯಿಂದ ಬರುವಾಗ ಬೀನ್ಸ್ ಬೀಜದ ಪೊಟ್ಟಣವೊಂದನ್ನು ತಂದಳು. ತಾರಸಿಯ ಮೇಲೆ ಒಡೆದ ಬಕೆಟ್ಟು, ಹಳೆಯ ಪೇಂಟ್ ಡಬ್ಬಿಗಳಲ್ಲಿ ನಾನು ನಡೆಸುತ್ತಿರುವ ವ್ಯವಸಾಯ ಅವಳಿಗೆ ಗೊತ್ತು. ಕೊತ್ತಂಬರಿ ಬಿತ್ತಿದರೆ ಹುಲ್ಲು ಬರುತ್ತದೆ. ಮೆಣಸಿನ ಗಿಡ ಹೂ ಬಿಡುವ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಜೀವಮಾನವಿಡೀ ಮಕ್ಕಳಿಗೆ ಬೀಜ ಮೊಳೆಯುವ ಪಾಠ ಮಾಡಿದ ಟೀಚರಮ್ಮನ ಕೈಗುಣ ಇದು. ಪಾಪ, ಈ ಸಲವಾದರೂ ಅತ್ತೆಯ ಮಾನ ಉಳಿಯಲಿ ಎಂದು ಅಂಗಡಿಯ ಒಳ್ಳೆಯ ಬೀಜವನ್ನೇ ತಂದಿದ್ದಳು. ಅಡುಗೆಕಟ್ಟೆಯ ಮೇಲೆ ಸ್ಟೀಲ್ ಬಟ್ಟಲಿಟ್ಟು, ಪೊಟ್ಟಣದ ತುದಿ ಕತ್ತರಿಸಿ ಸುರಿದಳು.

ಬೀಜಗಳು ಕೆಂಪಗಿದ್ದವು. "ಎಷ್ಟು ಚಂದ ಅವೆ ನೋಡ್ರಿ ಅತ್ತೆ," ಎಂದು ಬೆರಳಾಡಿಸಲು ಹೋದಳು. ನಾನು ಬಟ್ಟಲನ್ನು ಕಿತ್ತುಕೊಂಡೆ. ಕೇಳಿ ತೆಗೆದುಕೊಳ್ಳಬಹುದಿತ್ತು, ಆದರೆ ಕಿತ್ತುಕೊಂಡೆ. ಅವಳ ಮುಖ ಸಣ್ಣದಾಯಿತು. ಅತ್ತೆಯರ ಬಗ್ಗೆ ಜನ ಹೇಳುವುದೆಲ್ಲ ಸುಳ್ಳಲ್ಲ ಎಂದು ಆ ಹುಡುಗಿಗೆ ಅನ್ನಿಸಿರಬೇಕು. ನಾನು ಏನೂ ವಿವರಿಸದೆ ಬಟ್ಟಲು ಹಿಡಿದು ತಾರಸಿ ಹತ್ತಿ ಕುಳಿತೆ. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೆ ನನ್ನ ಮುಖವನ್ನೇ ನೋಡುತ್ತ ಕೂರುವುದಿಲ್ಲ.

ಮತ್ತೋಡಿನಿಂದ ಒಳಗೆ ಹೋದರೆ ಎರೆಹೊಲಗಳ ನಡುವೆ ಒಂದು ಊರಿದೆ. ಹೆಸರು ಬೇಡ. ನನ್ನ ಸರ್ವಿಸಿನ ಬಹುಭಾಗ ಕಳೆದದ್ದು ಅಲ್ಲಿಯ ಶಾಲೆಯಲ್ಲಿ. ವರ್ಗವಾಗಿ ಹೋದ ಹೊಸದರಲ್ಲಿ ಒಂದು ವರ್ಷ ಹೇಗೋ ತಳ್ಳಿ ಹೊಳಲ್ಕೆರೆಗೆ ವಾಪಸು ಬಂದುಬಿಡಬೇಕು ಎಂದುಕೊಂಡಿದ್ದೆ. ಅಲ್ಲಿಯ ಮಣ್ಣು ಎಂಥದೆಂದರೆ, ಮಳೆಗಾಲದಲ್ಲಿ ಚಪ್ಪಲಿಯನ್ನು ಹಿಡಿದರೆ ಬಿಡುವುದಿಲ್ಲ. ನನ್ನನ್ನೂ ಬಿಡಲಿಲ್ಲ. ಊರಲ್ಲಿ ಅರ್ಧ ಜನ ಬೇಸಾಯದವರು, ಅರ್ಧ ಕುರಿಯವರು. ಕುರಿಯವರಿಗೂ ತುಂಡು ಹೊಲಗಳಿದ್ದವು. ಗಂಡಸರು ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಭದ್ರಾ ನಾಲೆಯ ಸೀಮೆಗೆ ಹೋದರೆ ಆ ಹೊಲ ನೋಡಿಕೊಳ್ಳುವವರು ಹೆಂಗಸರು. ತಿಪ್ಪಮ್ಮ ಅಂಥವಳು.

ತಿಪ್ಪಮ್ಮನಿಗೆ ಮೈಯಲ್ಲಿ ಮಾಂಸವಿರಲಿಲ್ಲ, ಇದ್ದದ್ದೆಲ್ಲ ಗಂಟಲು. ಚಳಿಗಾಲದ ಬೆಳಿಗ್ಗೆ ಶಾಲೆಯ ಗೇಟಿನಿಂದಲೇ, "ಮಿಸ್ಸೇ, ಸೊಪ್ಪು ತಗಳ್ರಿ!" ಎಂದು ಕೂಗಿದರೆ ಒಳಗೆ ಮಗ್ಗಿ ಹೇಳುವ ಮಕ್ಕಳು ತಪ್ಪುತ್ತಿದ್ದರು. ಸೆರಗಿನ ತುಂಬ ಎಳೆಯ ಕಡಲೆಸೊಪ್ಪು. ಇಬ್ಬನಿ ಬಿದ್ದ ಕಡಲೆಸೊಪ್ಪಿಗೆ ಒಂದು ಹುಳಿ ಇರುತ್ತದೆ. ಸಾರಿಗೆ ಹುಣಿಸೆಹಣ್ಣೇ ಬೇಡ. ಹೊಳಲ್ಕೆರೆಯ ಸಂತೆಯಲ್ಲಿ ಎಷ್ಟು ಹುಡುಕಿದರೂ ಆ ಹುಳಿ ನನಗೆ ಮತ್ತೆ ಸಿಕ್ಕಿಲ್ಲ.

ಅವಳ ಹೊಲಕ್ಕೊಂದು ಶನಿ ಅಂಟಿತ್ತು. ಕಡಲೆ ಚೆನ್ನಾಗಿಯೇ ಹುಟ್ಟುತ್ತಿತ್ತು, ಹಸಿರಾಗಿ ಹಬ್ಬುತ್ತಿತ್ತು. ಹೂ ಕಚ್ಚುವ ಹೊತ್ತಿಗೆ ಒಂದು ಮೂಲೆಯಲ್ಲಿ ಗಿಡ ಹಳದಿಯಾಗಿ ತಲೆ ಬಾಗಿಸುತ್ತಿತ್ತು, ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು. ನೀರಿದ್ದರೂ ಸೊರಗುವ ರೋಗ ಅದು. ತಿಪ್ಪಮ್ಮ ಬದುವಿನ ಮೇಲೆ ನಿಂತು ಹೊಲವನ್ನು ಬೈಯುತ್ತಿದ್ದಳು. "ಏನ್ ಬ್ಯಾನೆ ಬಂದೈತೆ ನಿಂಗೆ? ಮೊನ್ನೆ ತಂಕ ನೆಟ್ಟಗಿದ್ದೆಲ್ಲ! ಉಣ್ಣಾಕಿಕ್ಲಿಲ್ವಾ ನಿಂಗೆ ನಾನು?" ಕಾಯಿಲೆ ಬಿದ್ದ ಮಗುವನ್ನು ತಾಯಂದಿರು ಹೀಗೇ ಬೈಯುತ್ತಾರೆ. ಪಕ್ಕದಲ್ಲಿ ಅವಳ ಮಗಳು ಕೆಂಚಮ್ಮ, ಸತ್ತ ಗಿಡವೊಂದನ್ನು ಕಿತ್ತು ಬೇರನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಒಂದು ದಿನ ಆ ಬೇರನ್ನು ಸ್ಲೇಟಿನ ಮೇಲಿಟ್ಟುಕೊಂಡು ನನ್ನ ಮೇಜಿನ ಹತ್ತಿರ ತಂದಳು. "ಇದ್ರೊಳಗೆ ಏನೈತೆ ಮಿಸ್?" ನನಗೇನು ಗೊತ್ತು? "ದೊಡ್ಡವಳಾದ ಮೇಲೆ ಓದಿ ತಿಳ್ಕೊಳ್ಳುವಂತೆ" ಎಂದು ಎಲ್ಲ ಟೀಚರುಗಳೂ ಹೇಳುವ ಉತ್ತರವನ್ನೇ ಹೇಳಿದೆ. ಹಾಗೆ ಹೇಳಿದ ಮಾತನ್ನು ಮಕ್ಕಳು ನಂಬುವುದು ಕಡಿಮೆ. ಇವಳು ನಂಬಿದಳು.

ಕೆಂಚಮ್ಮನಿಗೆ ತನ್ನ ಹೆಸರಿನ ಮೇಲೆ ಬಹಳ ಸಿಟ್ಟಿತ್ತು. ಹೈಸ್ಕೂಲಿಗೆ ಹೋದಾಗ ಕಾವ್ಯ ಎಂದು ಬದಲಾಯಿಸಿಕೊಡಿ ಎಂದು ನನ್ನ ಹಿಂದೆ ಬಿದ್ದಳು. ತಿಪ್ಪಮ್ಮ ಒಪ್ಪಲಿಲ್ಲ. "ನಮ್ಮತ್ತೆ ಹೆಸ್ರು ಮಿಸ್ಸೇ. ಬದ್ಲಾಯಿಸಿದ್ರೆ ಆವಮ್ಮ ಗೋರಿಯಿಂದ ಎದ್ದು ನನ್ನ ಮ್ಯಾಲೆ ಬತ್ತಾಳೆ." ಬದುಕಿದ್ದಾಗ ಬಂದದ್ದು ಸಾಲದೇ ಎಂದು ನಾವಿಬ್ಬರೂ ನಕ್ಕಿದ್ದು ನೆನಪಿದೆ.

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದು ಅಗ್ರಿಕಲ್ಚರ್ ಸೀಟು ಸಿಕ್ಕಿತು. ಹಾಸ್ಟೆಲ್ಲು, ಪುಸ್ತಕ ಇದಕ್ಕೆಲ್ಲ ಒಂದು ಮಠದವರ ವಿದ್ಯಾರ್ಥಿವೇತನವಿತ್ತು. ಹಳ್ಳಿಯ ಮಕ್ಕಳಿಗೆ ಮಾತ್ರ, ಓದಿ ಹಳ್ಳಿಗೆ ಉಪಯೋಗವಾಗಬೇಕು ಎಂಬ ಷರತ್ತಿನೊಂದಿಗೆ. ಸಂದರ್ಶನಕ್ಕೆ ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಒಂದು ಭಾಷಣ ಉರು ಹೊಡೆಸಿದೆ. ರೈತ ದೇಶದ ಬೆನ್ನೆಲುಬು ಎಂದು ಶುರುವಾಗಿ ಎಲ್ಲಿಗೋ ಹೋಗುವಂಥದ್ದು. ಅಲ್ಲಿದ್ದ ಹಿರಿಯರೊಬ್ಬರು, "ಓದಿ ಏನ್ ಮಾಡ್ತೀಯಮ್ಮ?" ಎಂದು ಕೇಳಿದರು. ಬೆನ್ನೆಲುಬು ಅಲ್ಲೇ ಮುರಿಯಿತು. "ನಮ್ಮವ್ವನ ಹೊಲದಾಗೆ ಕಡ್ಲೆ ಯಾಕೆ ಸಾಯ್ತೈತೆ ಅಂತ ನೋಡ್ತೀನಿ. ಸಾಯ್ದಂಗೆ ಮಾಡ್ತೀನಿ," ಎಂದಳು. ಅವರೆಲ್ಲ ನಕ್ಕರು, ವಿದ್ಯಾರ್ಥಿವೇತನ ಕೊಟ್ಟರು. ನನ್ನ ಭಾಷಣ ಹೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ.

ಊರಿಗೆಲ್ಲ ಸಂಭ್ರಮ. "ನಮ್ ಹುಡ್ಗಿ ಹೊಲದ ಡಾಕ್ಟ್ರು ಆಗ್ತಾಳಂತೆ," ಎಂದು ಕಟ್ಟೆಯ ಮೇಲೆ ಕೂತವರು ಬಂದಹೋದವರಿಗೆಲ್ಲ ಹೇಳುತ್ತಿದ್ದರು. ರಜೆಗೆ ಬಂದರೆ ಅವಳು ಮನೆ ಸೇರುವ ಮೊದಲೇ ಒಬ್ಬರು ತೊಗರಿ ಕಾಯಿ, ಇನ್ನೊಬ್ಬರು ಹುಳ ತಿಂದ ಎಲೆ ಹಿಡಿದು ನಿಂತಿರುತ್ತಿದ್ದರು. ತಿಪ್ಪಮ್ಮ ಬಾಗಿಲಿಗೆ ಬಂದು, "ಹೋಗ್ರಪ್ಪ, ಮಗ ಒಂದು ತುತ್ತು ಉಣ್ಲಿ," ಎಂದು ಅವರನ್ನು ಓಡಿಸುತ್ತಿದ್ದಳು. ಹೆಮ್ಮೆ ಮುಚ್ಚಿಡಲು ಆ ಹೆಂಗಸಿಗೆ ಬರುತ್ತಲೇ ಇರಲಿಲ್ಲ.

ಕೃಷಿ ಓದುವವರು ಕೊನೆಯ ವರ್ಷ ಕೆಲವು ತಿಂಗಳು ಒಂದು ಹಳ್ಳಿಯಲ್ಲಿ ಇದ್ದು ರೈತರ ಜೊತೆ ಕೆಲಸ ಮಾಡಬೇಕು. ಕೆಂಚಮ್ಮ ಗೋಗರೆದು ತನ್ನ ಊರನ್ನೇ ಕೇಳಿ ಪಡೆದಳು. ಗೆಳತಿಯರ ತಂಡದೊಂದಿಗೆ ಬಂದು ಸಮುದಾಯ ಭವನದಲ್ಲಿ ಇಳಿದುಕೊಂಡಳು. ಮನೆ ನಾಲ್ಕು ಹೆಜ್ಜೆ ದೂರವಿದ್ದರೂ ತಂಡದ ಜೊತೆಯೇ ಇರಬೇಕೆಂಬುದು ನಿಯಮ. ಮೊದಲ ವಾರ ಆಂಜನೇಯನ ಗುಡಿಯ ಅಂಗಳದಲ್ಲಿ ಬಣ್ಣದ ರಂಗೋಲಿ ಪುಡಿಯಲ್ಲಿ ಇಡೀ ಊರಿನ ನಕ್ಷೆ ಬಿಡಿಸಿದರು. ಕೆರೆ ನೀಲಿ, ದಾರಿ ಬಿಳಿ. ತಿಪ್ಪಮ್ಮನ ಹೊಲಕ್ಕೆ ಮಾತ್ರ ಉಳಿದ ಹೊಲಗಳಿಗಿಂತ ಒಂದು ಹಿಡಿ ಹೆಚ್ಚು ಹಸಿರು ಬಿದ್ದಿತ್ತು. ರಂಗೋಲಿ ಎಂದರೆ ಕೇಳಬೇಕೆ? ಊರ ಹೆಂಗಸರೆಲ್ಲ ಸೆರಗು ಹೊದ್ದು ಬಂದು ನೋಡಿ, ತಮ್ಮ ತಮ್ಮ ಮನೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ ನಕ್ಕು ಹೋದರು. ಹೆಂಗಸರು ಗುಡಿಯ ಕಟ್ಟೆಯ ಹತ್ತಿರ ಅಷ್ಟು ಹೊತ್ತು ನಿಂತದ್ದನ್ನು ನಾನು ಕಂಡದ್ದು ಅದೊಂದೇ ದಿನ.

ಕಡಲೆ ಬಿತ್ತನೆಯ ಕಾಲ ಬಂತು. ಬೀಜೋಪಚಾರ ಎಂದು ಒಂದು ಕ್ರಮವಿದೆ. ಬಿತ್ತುವ ಮೊದಲು ಬೀಜಕ್ಕೆ ಔಷಧಿ ಲೇಪಿಸಿ ನೆರಳಲ್ಲಿ ಒಣಗಿಸುವುದು. ಸೊರಗು ಬರದಂತೆ ಒಂದು, ಬೇರು ತಿನ್ನುವ ಹುಳಕ್ಕೆ ಇನ್ನೊಂದು. ಎರಡನೆಯದು ಕಡುವಿಷ. ಯಾರೂ ತಿನ್ನಬಾರದೆಂದು, ದೂರದಿಂದಲೇ ಗೊತ್ತಾಗಲೆಂದು, ಅದಕ್ಕೆ ಕೆಂಪು ಬಣ್ಣ ಸೇರಿಸಿರುತ್ತಾರೆ. ಕಟ್ಟೆಯ ಮೇಲೆ ಗಂಡಸರನ್ನೆಲ್ಲ ಕೂರಿಸಿಕೊಂಡು ಕೆಂಚಮ್ಮ ಇದನ್ನು ಮಾಡಿ ತೋರಿಸಿದಳು. ತಲೆಗೆ ಕಾಲೇಜಿನ ಟೋಪಿ, ಕೈಗೆ ಗ್ಲೌಸು. ಕುರಿಯವರ ಹುಡುಗಿಗೆ ಆ ಕಟ್ಟೆಯ ಮೇಲೆ ಕುರ್ಚಿ! ನಾನು ಶಾಲೆಯ ಜಗಲಿಯಿಂದಲೇ ಕಂಡು ಹಿಗ್ಗಿದೆ. ಅವಳ ಧ್ವನಿ ನನ್ನ ತರಗತಿಯವರೆಗೂ ಕೇಳುತ್ತಿತ್ತು, ಅಮ್ಮನ ಗಂಟಲು. "ಈ ಬೀಜ ತಿನ್ನಬಾರ್ದು. ಕೋಳಿಗೂ ಹಾಕಬಾರ್ದು. ಗೊತ್ತಾಯ್ತಾ?" ಗಂಡಸರು, "ಹ್ಞೂಂ ಕಣವ್ವ, ನಮಿಗೆ ಗೊತ್ತಿಲ್ವಾ?" ಎಂದರು. ಅವಳ ಚಿಕ್ಕಪ್ಪ ಓಬಣ್ಣ ಎಲ್ಲರಿಗಿಂತ ಮೊದಲು ತಲೆಯಾಡಿಸಿದ. ತಿಪ್ಪಮ್ಮನ ಹೊಲ ಬಿತ್ತುವವನು ಅವನೇ, ಅವತ್ತು ಔಷಧಿ ಲೇಪಿಸಿದ್ದೂ ಆ ಹೊಲದ ಬೀಜಕ್ಕೇ. ಅವನ ಅಣ್ಣ, ತಿಪ್ಪಮ್ಮನ ಗಂಡ ಹನುಮಂತಪ್ಪ, ಕುರಿಯ ಹಿಂದೆ ನಾಲೆ ಸೀಮೆಯಲ್ಲಿದ್ದ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಆ ಊರಲ್ಲಿ ಬಿತ್ತನೆಯ ದಿನ ಕೂರಿಗೆಗೂ ಬೀಜದ ಪುಟ್ಟಿಗೂ ಪೂಜೆ ಮಾಡುತ್ತಾರೆ. ಹಿಡಿ ತುಂಬ ಕುಂಕುಮ ಎರಚುತ್ತಾರೆ, ಬೀಜವೆಲ್ಲ ಕೆಂಪಾಗುತ್ತದೆ. ಬಿತ್ತಿ ಉಳಿದ ಬೀಜವನ್ನು ಮತ್ತೆ ಕಣಜಕ್ಕೆ ಹಾಕುವಂತಿಲ್ಲ. ಭೂಮ್ತಾಯಿಗೆಂದು ತೆಗೆದದ್ದನ್ನು ಹಿಂದಕ್ಕೆ ತೆಗೆದುಕೊಂಡ ಹಾಗೆ. ಅದನ್ನು ಅವತ್ತೇ ಸಂಜೆ ತೊಳೆದು, ಬೇಯಿಸಿ, ಗುಗ್ಗರಿ ಮಾಡಿ ನೆರೆಹೊರೆಗೆ ಹಂಚಬೇಕು. ಹಿಂದೆ ಎತ್ತಿನ ಕೂರಿಗೆಯ ಕಾಲದಲ್ಲಿ ಕೂರಿಗೆಯ ಹಿಂದೆ ನಡೆದು ಬೀಜ ಬಿಡುತ್ತಿದ್ದವರು ಹೆಂಗಸರು. ಪ್ರತಿಯೊಂದು ಕಾಳೂ ಅವರ ಬೆರಳ ಸಂದಿಯಿಂದಲೇ ಇಳಿಯಬೇಕಿತ್ತು. ಈಗ ಟ್ರ್ಯಾಕ್ಟರ್ ಕೂರಿಗೆ ಬಂದಿದೆ. ಬಿತ್ತನೆಗೆ ಗಂಡಸರು ಹೋಗುತ್ತಾರೆ, ಗುಗ್ಗರಿಗೆ ಪುಟ್ಟಿ ಮನೆಗೆ ಬರುತ್ತದೆ.

ಓಬಣ್ಣ ಆ ಸಂಜೆ ಪುಟ್ಟಿಯನ್ನು ಬಾಗಿಲಲ್ಲಿಟ್ಟು, "ಅತ್ಗೆ, ಬೀಜ ಉಳಿದೈತೆ ನೋಡು," ಎಂದು ಹೇಳಿ ಟ್ರ್ಯಾಕ್ಟರ್ ಬಿಡಲು ಹೋದ. ಈ ಸಲದ್ದು ಬೇಯಿಸುವ ಬೀಜವಲ್ಲ, ಹುಟ್ಟದ ಕಡೆ ಆಮೇಲೆ ಮತ್ತೆ ಊರಿದರಾಯಿತು ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ತಿಪ್ಪಮ್ಮ ಒಲೆ ಹಚ್ಚಿದಳು.

ದೀಪ ಹಚ್ಚುವ ಹೊತ್ತಿಗೆ ಆ ಬೀದಿಯಿಂದ ಕೂಗು ಕೇಳಿ ನಾನು ಓಡಿದೆ. ಪಕ್ಕದ ಮನೆಯ ಹೆಂಗಸರಿಬ್ಬರು ಜಗಲಿಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು. ಅವರು ತಿಂದದ್ದು ಒಂದೊಂದು ಹಿಡಿ. ಉಪ್ಪು ಸರಿ ಇದೆಯೇ ಎಂದು ನೋಡಿ, ಮೊದಲು ಅವರಿಗೆ ಕೊಟ್ಟು, ತಳದ್ದನ್ನು ಗೋರಿಕೊಂಡು ಉಂಡವಳು ತಿಪ್ಪಮ್ಮ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು. ಯಾರದೋ ಗೂಡ್ಸ್ ಆಟೋದಲ್ಲಿ ಮೂವರನ್ನೂ ಮಲಗಿಸಿಕೊಂಡು ಹೊಸದುರ್ಗದ ಕಡೆ ಹೊರಟೆವು. ಏನಾಯಿತೆಂದು ಯಾರಿಗೂ ತಿಳಿಯದು. ಹಲ್ಲಿ ಬಿದ್ದಿರಬೇಕು ಎಂದ ಒಬ್ಬ. ಕೆಂಚಮ್ಮ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಮೊಬೈಲ್ ಟಾರ್ಚ್ ಹಿಡಿದಿದ್ದೆ. ಆ ಬೆಳಕಿನಲ್ಲಿ ಅವಳಿಗೆ ಅಮ್ಮನ ಅಂಗೈ ಕಂಡಿತು.

"ಅವ್ವ, ಕೈ ಯಾಕೆ ಕೆಂಪಗೈತೆ?"

"ಕುಂಕ್ಮ ಕಣೆ. ಪೂಜೆದು. ಮೂರು ನೀರಾಗೆ ತೊಳ್ದೆ, ಆದ್ರೂ ಹೋಗ್ಲಿಲ್ಲ ನೋಡು," ಎಂದಳು ತಿಪ್ಪಮ್ಮ. ಅದನ್ನೂ ಒಂದು ದೂರಿನ ಹಾಗೆ ಹೇಳಿದಳು, ಕುಂಕುಮ ಮಾರಿದ ಅಂಗಡಿಯವನ ಮೇಲೆ.

ಕೆಂಚಮ್ಮ ಅಳಲಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರರಿಗೆ ಆ ವಿಷದ ಪೂರ್ತಿ ಹೆಸರು, ಎಷ್ಟು ಬೀಜಕ್ಕೆ ಎಷ್ಟು ಬೆರೆಸಿದ್ದು, ಎಲ್ಲವನ್ನೂ ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವಳ ಹಾಗೆ ಹೇಳಿದಳು. ಅವಳು ಓದಿದ್ದು ಅವತ್ತು ಕೆಲಸಕ್ಕೆ ಬಂತು. ನೆರೆಯ ಹೆಂಗಸರಿಬ್ಬರು ಬದುಕಿದ್ದು ಆ ಉತ್ತರದಿಂದ ಎಂದು ಡಾಕ್ಟರರೇ ಹೇಳಿದರು. ತಿಪ್ಪಮ್ಮನನ್ನು ಚಿತ್ರದುರ್ಗಕ್ಕೆ ಸಾಗಿಸಿದೆವು. ಅಲ್ಲಿಯೂ ಮಾಡಬೇಕಾದ್ದೆಲ್ಲ ಮಾಡಿದರು. ಮಾರನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಮನೆಯ ಮುಂದೆ ಕೂತಿದ್ದ ಮುದುಕಿಯೊಬ್ಬಳು, "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು. ಮೆಲ್ಲಗೇನೂ ಹೇಳಲಿಲ್ಲ. ನನಗೆ ಆ ಮುದುಕಿಯ ಬಾಯಿಗೆ ಮಣ್ಣು ತುಂಬಬೇಕೆನ್ನಿಸಿತು. ಓಬಣ್ಣ ಎದೆ ಬಡಿದುಕೊಳ್ಳುತ್ತಿದ್ದ. "ಉಳಿದೈತೆ ಅಂದೆ ಅಷ್ಟೇ ಕಣ್ರಿ. ಬೇಯ್ಸು ಅಂದ್ನಾ ನಾನು?" ಅವನು ಅಂದಿರಲಿಲ್ಲ, ನಿಜ. ಆ ಊರಲ್ಲಿ ಬೇಯಿಸು ಎಂದು ಯಾರೂ ಯಾರಿಗೂ ಹೇಳುವುದಿಲ್ಲ, ಹೆಂಗಸರೇ ತಿಳಿದು ಬೇಯಿಸುತ್ತಾರೆ.

ಕೆಂಚಮ್ಮ ನನ್ನ ಹತ್ತಿರ ಮಾತಾಡಿದ್ದು ಎಷ್ಟೋ ದಿನಗಳ ಮೇಲೆ. ಶಾಲೆ ಬಿಟ್ಟ ಮೇಲೆ ಬಂದು, ಚಿಕ್ಕಂದಿನಲ್ಲಿ ಕೂರುತ್ತಿದ್ದ ಮಣೆಯ ಮೇಲೆ ಕುಳಿತಳು. "ನಾನು ಕಟ್ಟೆ ಮ್ಯಾಲೆ ಹೇಳ್ದೆ ಮಿಸ್. ಒಲೆ ಮುಂದೆ ಹೇಳ್ಲಿಲ್ಲ," ಎಂದಳು. ನಾನು ಸಮಾಧಾನಕ್ಕೆ ಏನೋ ಹೇಳಹೊರಟೆ. "ಕೆಂಪು ಬಣ್ಣ ಯಾಕೆ ಹಾಕ್ತಾರೆ ಅಂತ ಪರೀಕ್ಷೇಲಿ ಬರ್ದಿದೀನಿ. ಪೂರ್ತಿ ಮಾರ್ಕ್ಸ್ ಕೊಟ್ಟವ್ರೆ. ನಮ್ಮನ್ಯಾಗೆ ಕೆಂಪು ಅಂದ್ರೆ ಏನು ಅಂತ ನಂಗೆ ಗೊತ್ತಿರ್ಲಿಲ್ವಾ ಮಿಸ್? ಆ ಗುಗ್ಗರಿ ತಿಂದೇ ಬೆಳೆದೋಳಲ್ವಾ ನಾನು?" ಅವಳಿಗೆ ಕಲಿಸಿದವರು ಯಾರೂ ಆ ಒಲೆಯನ್ನು ಕಂಡಿರಲಿಲ್ಲ, ಆ ಒಲೆಯ ಮುಂದಿದ್ದವರು ಯಾರೂ ಅವಳ ಪಾಠಕ್ಕೆ ಬಂದಿರಲಿಲ್ಲ. ನಡುವೆ ಇದ್ದವಳು ಇವಳೊಬ್ಬಳೇ. ಅಷ್ಟು ಭಾರವನ್ನು ಒಂದು ಹುಡುಗಿಯ ತಲೆಯ ಮೇಲೆ ಇಟ್ಟದ್ದು ಯಾವ ನ್ಯಾಯ ಎಂದು ಈಗಲೂ ನನಗೆ ಸಿಟ್ಟು ಬರುತ್ತದೆ.

ಆ ವರ್ಷ ಆ ಹೊಲದಲ್ಲಿ ಒಂದು ಗಿಡವೂ ಸೊರಗಲಿಲ್ಲ. ಇಷ್ಟು ವರ್ಷದಲ್ಲಿ ನಾನು ಅಂಥ ಕಡಲೆ ನೋಡಿರಲಿಲ್ಲ. ಬದುವಿನಿಂದ ಬದುವಿಗೆ ಹಸಿರು, ಒಂದು ಹಳದಿ ಚುಕ್ಕೆಯಿಲ್ಲ. ಅವಳು ಮಠದ ಹಿರಿಯರ ಮುಂದೆ ಹೇಳಿದ ಹಾಗೆಯೇ ಸಾಯದಂತೆ ಮಾಡಿದ್ದಳು. ಊರ ಹೆಂಗಸರು ಯಾರೂ ಆ ಹೊಲದ ಸೊಪ್ಪು ಚಿವುಟಲಿಲ್ಲ. ಸೊಪ್ಪಿನಲ್ಲಿ ವಿಷವೇನೂ ಇಲ್ಲ ಎಂದು ಹೇಳಬೇಕಾದವಳು ಹೇಳಲಿಲ್ಲ.

ಮಣ್ಣಿಗೆ ಬಂದು ಮತ್ತೆ ಕುರಿಯ ಹಿಂದೆ ಹೋಗಿದ್ದ ಹನುಮಂತಪ್ಪ, ಕಾಯಿ ತುಂಬುವ ಹೊತ್ತಿಗೆ ಮಂದೆಯನ್ನು ಊರಿಗೆ ಹೊಡೆದು ತಂದ. ಅವನು ಮಾತು ಕಡಿಮೆಯ ಮನುಷ್ಯ. ಮನೆಯ ಮಾತನ್ನೆಲ್ಲ ಹೆಂಡತಿಯೇ ಆಡುತ್ತಿದ್ದಳು. ಒಂದು ಬೆಳಿಗ್ಗೆ ಬದುವಿನ ಮುಳ್ಳು ಸರಿಸಿ ಕುರಿಗಳನ್ನೆಲ್ಲ ಕಡಲೆಯ ಒಳಗೆ ಬಿಟ್ಟ. ಓಬಣ್ಣ ಬಾಯಿ ಬಡಿದುಕೊಳ್ಳುತ್ತ ಓಡಿ ಬಂದ. "ಅಣ್ಣ, ಬಂಗಾರದಂಥ ಬೆಳೆ ಕಣಣ್ಣ! ಏನ್ ಮಾಡ್ತೀಯ!"

"ಬಂಗಾರ ಉಣ್ಣಾಕಾಗಲ್ಲ ಕಣಲೇ," ಎಂದ ಹನುಮಂತಪ್ಪ.

ಕೆಂಚಮ್ಮ ಬದುವಿನ ಮೇಲೆ ನಿಂತಿದ್ದಳು, ಅವಳಮ್ಮ ನಿಂತು ಬೈಯುತ್ತಿದ್ದ ಜಾಗದಲ್ಲಿ. ಕುರಿಗಳು ತಲೆ ಬಗ್ಗಿಸಿ ತಿನ್ನುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವಳು ತಡೆಯಲೂ ಇಲ್ಲ, ಅಲ್ಲಿಂದ ಹೋಗಲೂ ಇಲ್ಲ.

ಮರುವರ್ಷ ಊರವರು ಬೀಜಕ್ಕೆ ಔಷಧಿ ಹಾಕುವುದನ್ನು ಬಿಟ್ಟರು. ಗುಗ್ಗರಿ ಬಿಡಲಿಲ್ಲ. ಸೊರಗು ಮೊದಲಿನಂತೆ ಬಂತು. ಹೋದರೆ ಬೆಳೆ ಹೋಗಲಿ ಎಂದರು. ತಪ್ಪೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಕೆಂಚಮ್ಮ ಓದು ಮುಗಿಸಿದಳು, ಅಪ್ಪನ ಬಲವಂತಕ್ಕೆ.

ಅವಳೀಗ ಹಿರಿಯೂರಿನ ಹತ್ತಿರ ತೆಂಗಿನ ಸಸಿಗಳ ನರ್ಸರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಊರಿಗೆ ಹೋಗುವುದಿಲ್ಲ, ಅಪ್ಪನೇ ಬಂದು ನೋಡಿ ಹೋಗುತ್ತಾನೆ. ಹೋದ ವರ್ಷ ಆ ಕಡೆ ಹೋದಾಗ ಇಳಿದು ಮಾತಾಡಿಸಿದೆ. "ಬರ್ರಿ ಮಿಸ್, ಕುಂತ್ಕಳ್ರಿ," ಎಂದು ನೆರಳಿಗೆ ಕುರ್ಚಿ ಹಾಕಿದಳು. ಇಷ್ಟು ಓದಿ ಇಲ್ಲಿ ಸಸಿ ಮಾರುವುದೇಕೆ, ಊರಿಗೆ ಬೇಡವೇ ನೀನು ಎಂದು ಟೀಚರ್ ಬುದ್ಧಿ ತೋರಿಸಿದೆ. ಅವಳು ಸಸಿಯ ಬುಡದ ಮಣ್ಣು ಒತ್ತುತ್ತ, "ಸಸಿ ಕೊಟ್ರೆ ಯಾರೂ ಬೇಯ್ಸ್ಕಂಡು ತಿನ್ನಲ್ಲ ಮಿಸ್," ಎಂದಳು. ನಾನು ನಗುವ ಮಾತೆಂದು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಮೊನ್ನೆ ತಾರಸಿಯಿಂದ ಇಳಿದು ಬಂದು ಅವಳಿಗೇ ಫೋನ್ ಮಾಡಿದೆ. ಬಟ್ಟಲು ಅಡುಗೆಕಟ್ಟೆಯ ಮೇಲಿಟ್ಟೆ. ಸೊಸೆ ಒಲೆಯ ಹತ್ತಿರ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದಳು. "ಬೀನ್ಸ್ ಬೀಜ ತಂದೀವಿ ಕಣೆ, ಕೆಂಪಗೈತೆ. ಡಬ್ಬಿಗೆ ಹಾಕ್ಬಹುದಾ?" ಎಂದೆ.

"ಮನ್ಯಾಗೆ ಅಡುಗೆ ಮಾಡೋರು ಯಾರು ಮಿಸ್?"

"ಈಗ ಸೊಸೆ ಕಣಮ್ಮ. ನನ್ನನ್ನ ಒಲೆ ಹತ್ರ ಬಿಟ್ಕೊಳ್ಳಲ್ಲ."

"ಹಂಗಾದ್ರೆ ಫೋನು ಅವ್ರಿಗೆ ಕೊಡ್ರಿ."

ಕೊಟ್ಟೆ. ಸೊಸೆ ಕೈ ಒರೆಸಿಕೊಂಡು ಕಿವಿಗಿಟ್ಟುಕೊಂಡಳು. ಮೊದಲು ಹ್ಞೂಂ ಹ್ಞೂಂ ಎನ್ನುತ್ತಿದ್ದಳು. ಆಮೇಲೆ ಪಾಠ ಒಪ್ಪಿಸುವ ಮಗುವಿನ ಹಾಗೆ ನಿಧಾನವಾಗಿ, "ತಿನ್ನಲ್ಲ ರೀ... ಇಲ್ಲ, ತೊಳ್ದ್ರೂ ತಿನ್ನಲ್ಲ... ಬೇಯ್ಸಿದ್ರೂ ತಿನ್ನಲ್ಲ... ಕುಂಕ್ಮ ಅಲ್ಲ, ವಿಷ..." ಎಂದು ಹೇಳಿದಳು. ಫೋನ್ ಇಟ್ಟು ಬಟ್ಟಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಯಾರತ್ತೆ ಅವ್ರು? ಎಲ್ಲಾನೂ ನನ್ನ ಬಾಯಾಗೇ ತಿರುಗಿ ಹೇಳ್ಸಿದ್ರು. ವಿಷ ಅಂದಿದ್ರೆ ಸಾಕಿತ್ತಪ್ಪ. ಕುಂಕ್ಮ ಅಲ್ಲ ಅಂತ ಯಾಕೆ ಹೇಳ್ಸಿದ್ರು?"

ನಾನು ಒಲೆ ಆರಿಸಿ, "ಇಲ್ಲಿ ಕುಂತ್ಕ ಬಾರಮ್ಮ, ಹೇಳ್ತೀನಿ," ಎಂದೆ.